ಜವಳಕ್ಕೊಬ್ಬ ಸೋದರಮಾವ

ನಮ್ಮ ಮನೆಯಲ್ಲಿ ನಾಲ್ಕು ದಾಟಿದ ಗಂಡುಹುಡುಗನೊಬ್ಬ ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದ. ಇಂಡಿ ಪಟ್ಟಣದ ನಮ್ಮ ಓಣಿಗೆ ಹೊಸದಾಗಿ ಬಂದವರೆಲ್ಲ ಅವನನ್ನು ಹುಡುಗಿ ಅಂತಲೇ ತಿಳಿಯುತ್ತಿದ್ದರು. ಬಳೆ ಮಾರುವಾಕೆ ಒಮ್ಮೆ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಇವನ ಕೈ ಹಿಡಿದು ಅಳತೆ ನೋಡತೊಡಗಿದ್ದಳು. ಇವನು ಕೈ ಕಿತ್ತುಕೊಂಡು, "ನಾ ಗಂಡಸದೀನಿ!" ಅಂತ ಓಣಿಗೆಲ್ಲ ಕೇಳುವಂತೆ ಕಿರುಚಿದ. ಆಕೆ ಹೊಟ್ಟೆ ಹಿಡಿದು ನಕ್ಕು, "ಹಂಗಾರ ನಿನ್ನ ಹೇಣ್ತಿಗೆ ಕೊಡ್ತೇನಿ ತಗೋಪಾ ಗೌಡಾ" ಅಂದಳು.

ಅವನ ತಲೆಗೆ ಕತ್ತರಿ ಮುಟ್ಟಿರಲಿಲ್ಲ. ಹುಟ್ಟಿದಾಗಿನ ಕೂದಲನ್ನು ಮೊದಲ ಸಲ ತೆಗೆಸುವುದಕ್ಕೆ ನಮ್ಮ ಕಡೆ ಜವಳ ಅನ್ನುತ್ತಾರೆ. ಕೂಸು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ಮೊದಲನೇ ಎಳೆಗೆ ಅವನೇ ಕತ್ತರಿ ಹಾಕಬೇಕು. ಇವನಿಗೆ ಆ ತೊಡೆ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಅಕ್ಕ ದಿನಾ ಮುಂಜಾನೆ ಅವನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಕೆಂಪು ರಿಬ್ಬನ್ ಬೇಡ ಅಂತ ಅವನು ಹಟ ಮಾಡಿದರೆ ಕರಿ ದಾರದಲ್ಲಿ ಕಟ್ಟಿ ಕಳಿಸುತ್ತಿದ್ದಳು.

ಅಕ್ಕ ಅಂದರೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಸಿಂದಗಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಒಲೆಯ ಮುಂದೆ ಆಕೆ ಆಗಲೇ ಕೂತಿದ್ದಳು. "ಹಿಟ್ಟು ನಾದೂ ಕೊಣಮಿಗಿ ಇಲ್ಲೈತಿ, ಹಿಟ್ಟು ಅಲ್ಲೈತಿ, ಅತ್ತಿಯವರಿಗೆ ರೊಟ್ಟಿ ಮೆತ್ತಗ ಬೇಕು, ಮಾವನವರಿಗೆ ಕಟಗಿಯಂಗಿದ್ರೂ ನಡೀತೈತಿ" ಅಂತ ಮನೆಯ ಸಂವಿಧಾನವನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ಅಂದಿನಿಂದ ನಾವಿಬ್ಬರೂ ಒಂದೇ ಅಡುಗೆಮನೆಯವರು. ಆಕೆ ರೊಟ್ಟಿ ಬಡಿದರೆ ನಾನು ಬೇಯಿಸುವುದು. ಅತ್ತೆ ಹಾಸಿಗೆ ಹಿಡಿದ ವರ್ಷಗಳಲ್ಲಿ ಅವರ ಮೈ ತೊಳೆದವಳು ಆಕೆ. ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆ ನನ್ನ ಮಗನಿಗೂ ಅಕ್ಷರ ತಿದ್ದಿಸಿದವಳೂ ಆಕೆ.

ಇಷ್ಟೇ ಆಗಿದ್ದರೆ ಎಲ್ಲ ಮನೆಗಳಲ್ಲೂ ಇಂಥವರು ಇರುತ್ತಾರೆ. ಅಕ್ಕನಿಗೆ ಮನೆ ಸಾಲುತ್ತಿರಲಿಲ್ಲ. ಅಡುಗೆಯಾದ ಮೇಲೆ ಡಬ್ಬಿ ಕಟ್ಟಿಕೊಂಡು ದವಾಖಾನೆಯ ಬಾಣಂತಿಯರ ವಾರ್ಡಿಗೆ ಹೋಗುವಳು. ಯಾರ ಹಿಂದೆ ಜನ ಇಲ್ಲವೋ ಅವರಿಗೆ ಬೆಲ್ಲ ಹಾಕಿದ ಅಳ್ವಿ ಬೀಜದ ಪಾಯಸ, ನುಚ್ಚಿನ ಗಂಜಿ. ಕುಡಿಸುವುದು ಮಾತ್ರವಲ್ಲ, ಬೈಯುವುದೂ ಆಕೆಯ ಕೆಲಸವೇ. "ಹಡದಾಕಿ ನೀನು, ಗೋಡಿ ಕಡೆ ಮುಖ ಮಾಡಿ ಮಲಗಿದ್ರ ಹಾಲು ಗೋಡಿಗೆ ಬರ್ತಾವೇನು?" ಪೋಲಿಯೋ ಹನಿ ಹಾಕುವ ದಿನ ತಾನಾಗಿ ಎದ್ದು ಹೋಗಿ ತಾಂಡಾದ ಮನೆಮನೆಗೂ ತಿರುಗುವಳು. ದೀಪಾವಳಿ ಆದಮೇಲೆ ಆ ತಾಂಡಾದವರು ಕಬ್ಬು ಕಡಿಯಲು ಹೊರಟರೆ, ಶಾಲೆ ತಪ್ಪಬಾರದೆಂದು ಮಕ್ಕಳನ್ನು ನಮ್ಮ ಪಡಸಾಲೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಒಂದು ವರ್ಷ ಅಕ್ಕತಂಗಿಯರಿಬ್ಬರು, ಇನ್ನೊಂದು ವರ್ಷ ರಾತ್ರಿ ಹೊದಿಸಿದ ಕೌದಿ ಒದೆಯುವ ಒಬ್ಬ ತುಂಟ. ಭಾವ ಲಿಂಬಿ ತೋಟದಿಂದ ಬಂದು ಅಂಗಳದಲ್ಲಿ ಚಪ್ಪಲಿಗಳ ಸಾಲು ನೋಡಿ, "ನಮ್ಮ ಮನಿ ಮುಂದ ಒಂದು ಬೋರ್ಡ್ ಹಾಕ್ರಿ, ಇಲ್ಲಿ ಎಲ್ಲಾ ಬಸ್ಸು ನಿಲ್ತಾವು ಅಂತ" ಅನ್ನುವರು. ನಾನೂ ಗೊಣಗುತ್ತಿದ್ದೆ. ರೊಟ್ಟಿ ಬೇಯಿಸುವವಳು ನಾನಲ್ಲವೇ?

ಆ ಮಕ್ಕಳು ಹೋಗುವವರಾಗಿಯೇ ಬಂದವರು. ಯುಗಾದಿಯ ಹೊತ್ತಿಗೆ ತಾಯಿ ಬಾಗಿಲಿಗೆ ಬಂದು ನಿಂತರೆ, ಅಕ್ಕ ಶೇಂಗಾ ಉಂಡಿ ಕಟ್ಟಿಕೊಟ್ಟು ಕಳಿಸಿ, ಬಂದು ಮಜ್ಜಿಗೆ ಕಡೆಯಲು ಕೂಡುತ್ತಿದ್ದಳು. ಜಡೆ ಹುಡುಗನದು ಹಾಗಲ್ಲ.

ಅವನ ತಾಯಿಯನ್ನು ಅಕ್ಕ ಕಂಡದ್ದು ವಾರ್ಡಿನಲ್ಲೇ. ಕಟ್ಟಡದ ಕೆಲಸಕ್ಕೆ ಬಂದ ಎಳೇ ಹುಡುಗಿ. ಮನೆಯವರು ಒಪ್ಪದವನನ್ನು ಕಟ್ಟಿಕೊಂಡು ಬಂದಿದ್ದಳು. ತವರಿನ ಬಾಗಿಲು ಮುಚ್ಚಿತ್ತು. ಹೆರಿಗೆಯಾದಾಗ ಗಂಡನೊಬ್ಬನೇ, ಹತ್ತಿರ ಒಂದು ಹೆಣ್ಣುಜೀವವೂ ಇರಲಿಲ್ಲ. ಅಕ್ಕ ಅವಳ ತಲೆ ಬಾಚುತ್ತಿದ್ದಳು, ಅವಳು ಮಾತಾಡುತ್ತಿದ್ದಳು. ಮಾತೆಲ್ಲ ಅಣ್ಣನದೇ. ಅಣ್ಣ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ, ಜೋಳದ ಚೀಲ ಒಬ್ಬನೇ ಎತ್ತುತ್ತಾನೆ, ಸಣ್ಣವಳಿದ್ದಾಗ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದ. "ಅವ್ವಗ ಸಿಟ್ಟೈತ್ರಿ. ಅಣ್ಣಗ ಇರೂದಿಲ್ಲ. ಜವಳಕ್ಕ ಕರದ್ರ ಬಂದಽ ಬರ್ತಾನ ನೋಡ್ರಿ." ಊರು ಯಾವುದೆಂದರೆ, "ನಮ್ಮೂರು ನೀರಾಗ ಹೋತ್ರಿ" ಅಂದಿದ್ದಳು. ಆಲಮಟ್ಟಿಯ ಹಿನ್ನೀರಿಗೆ ಹೋದ ಊರು. ಮಂದಿಯೆಲ್ಲ ನಿಡಗುಂದಿ, ಬಾಗೇವಾಡಿ, ಮುದ್ದೇಬಿಹಾಳ ಅಂತ ಚೆದುರಿದ್ದರು.

ಮಗುವಿಗೆ ಹಲ್ಲು ಬರುವ ಮೊದಲೇ ಆ ಹುಡುಗಿ ಕಾಮಾಲೆಯಾಗಿ ತೀರಿಕೊಂಡಳು. ಗಂಡ ಕೂಸನ್ನು ತಂದು ಅಕ್ಕನ ಉಡಿಯಲ್ಲಿ ಹಾಕಿ, ಗೋವಾಕ್ಕೆ ದುಡಿಯಲು ಹೋಗಿ ಬರುತ್ತೇನೆ ಅಂದ. ಒಂದೆರಡು ಸಲ ಬಂದ. ಆಮೇಲೆ ಅವನ ಫೋನು ಹತ್ತಲಿಲ್ಲ. ಸುಮ್ಮನೆ ಇಟ್ಟುಕೊಳ್ಳಲು ಬರುವುದಿಲ್ಲ ಅಂತ ತಿಳಿದವರು ಹೇಳಿದರು. ಅಕ್ಕ, ಭಾವ ವಿಜಯಪುರಕ್ಕೆ ಹೋಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಂತರು. ಅವರು ವಿಚಾರಣೆ ಮಾಡಿದರು, ಪೇಪರಿಗೆ ಹಾಕಿದರು, ಯಾರೂ ಬರಲಿಲ್ಲ. ಮನೆ ನೋಡಿಹೋಗಿ, ನಮ್ಮನ್ನು ಪೋಷಕ ಕುಟುಂಬ ಅಂತ ಮಾಡಿ ಕೂಸನ್ನು ಕೊಟ್ಟರು. ಕೊಡುವಾಗ ಅಲ್ಲಿದ್ದ ಮೇಡಂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದ್ದರು: "ನೀವು ಸಾಕ್ತೀರಿ, ಆದ್ರ ದತ್ತು ಅಲ್ರಿ ಇದು. ರಕ್ತಸಂಬಂಧದವರು ಸಿಕ್ಕು, ಅವರು ನೋಡಿಕೊಳ್ಳುವಂಗಿದ್ರ ಮೊದಲ ಹಕ್ಕು ಅವರದು."

ಅಕ್ಕ "ಹೂನ್ರಿ" ಅಂದು ಬಂದಿದ್ದಳು.

ಅವನು ಅಕ್ಕನಿಗೆ ಅವ್ವಾ ಅಂದ, ನನಗೆ ಚಿಗವ್ವಾ ಅಂದ. ಭಾವನ ಹೆಗಲೇರಿ ತೋಟಕ್ಕೆ ಹೋಗಿ, ಹಸಿ ಲಿಂಬಿ ಕಚ್ಚಿ ಮುಖ ಕಿವುಚಿ, ಮತ್ತೆ ಇನ್ನೊಂದು ಕೇಳುತ್ತಿದ್ದ. ಇಲ್ಲಿ ಎಲ್ಲ ಬಸ್ಸು ನಿಲ್ಲುತ್ತವೆ ಅಂತ ಹಾಸ್ಯ ಮಾಡುತ್ತಿದ್ದ ಭಾವ ಆ ಮಾತನ್ನೇ ಬಿಟ್ಟರು. ಮೂರನೇ ವರ್ಷಕ್ಕೆ ಜವಳ ಆಗಲಿಲ್ಲ. ಐದರೊಳಗೆ ಆಗಲೇಬೇಕು ಅಂತ ಓಣಿಯ ಹಿರಿಯರು ಅನ್ನತೊಡಗಿದರು. ಸಾಲೋಟಗಿಯಲ್ಲಿರುವ ಅಕ್ಕನ ತಮ್ಮ ಒಂದು ದಿನ ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಕೂತ.

"ಅಕ್ಕಾ, ನನ್ನ ತೊಡಿಯೇನು ಮುಳ್ಳಿಂದೈತೇನು? ನಿನ್ನ ಮಗಾ ಅಂದಮ್ಯಾಲ ನಾನಽ ಸೋದರಮಾವ. ಬೇಕಾದ್ರ ನಾಳೆ ನನ್ನ ಮಗಳನ್ನೂ ಕೊಡ್ತೇನಿ."

"ಮಗಳನ್ನ ಆಮ್ಯಾಲ ಕೊಡುವಂತಿ, ಮೊದಲ ಛಾ ಕುಡಿ," ಅಂದಳು ಅಕ್ಕ.

"ಮಾತು ಹಾರಸಬ್ಯಾಡ. ಬರೂ ಸೋಮವಾರ ಹಜಾಮಗ ಹೇಳ್ಲೋ ಬ್ಯಾಡೋ?"

ಅಕ್ಕ ಅವನ ಮುಂದೆ ಕೂತಳು. "ನೀ ನನ್ನ ತಮ್ಮ, ಖರೇ. ಅವನ್ನ ಹಡದಾಕಿಗೂ ಒಬ್ಬಾಂವ ಅದಾನ. ಅಂವ ಬರ್ತಾನ, ಬರ್ತಾನ ಅನಕೋತನಽ ಹೋದ್ಲು ಅಕಿ. ಅಂವ ಜೀವಂತ ಇರೂತನಾ ಆ ತೊಡಿ ಅವಂದು. ನೀ ಹೆಂಗ ಕೂಡ್ತಿ ಅಲ್ಲಿ?"

ತಮ್ಮ ನನ್ನ ಕಡೆ ನೋಡಿದ. ನಾನು ಕಪ್ಪು ಬಸಿ ತೊಳೆಯುವ ನೆವದಲ್ಲಿ ಒಳಗೆ ಹೋದೆ. ತಮ್ಮನ ತೊಡೆಯ ಮೇಲೆ ಕೂರಿಸಿದ್ದರೆ ಊರಲ್ಲಿ ಒಬ್ಬರೂ ತಪ್ಪು ಅನ್ನುತ್ತಿರಲಿಲ್ಲ. ಸಾಕಿದವರ ಕಡೆಯ ಮಾವ ಕೂತು ಜವಳ ಮಾಡಿದ ಮನೆಗಳು ನಮ್ಮ ಸುತ್ತಲೇ ಇವೆ.

ಆ ಜೂನ್‌ನಲ್ಲಿ ಅವನನ್ನು ಬಾಲವಾಡಿಯಿಂದ ತೆಗೆದು ಹೊಸ ಶಾಲೆಗೆ ಹಾಕಿದೆವು. ಒಂದು ವಾರವೂ ಆಗಿರಲಿಲ್ಲ, ಒಂದು ಜಡೆ ಬಿಚ್ಚಿ, ಅಂಗಿಯ ಗುಂಡಿ ಹರಿದು ಬಂದ. ಹಿಂದಿನ ಬೆಂಚಿನವರು ಎರಡೂ ಜಡೆ ಹಿಡಿದು ಎತ್ತಿನ ಹಗ್ಗದಂತೆ ಜಗ್ಗಿದ್ದರು. ಅತ್ತು ಅತ್ತು ದನಿ ಕಟ್ಟಿತ್ತು. ಅಕ್ಕ ಮುಖ ಒರೆಸುತ್ತಿದ್ದರೆ ಅವನು ಕೇಳಿದ, "ಅವ್ವಾ, ಎಲ್ಲಾರ ಮಾಮಾಗೋಳು ಅದಾರ. ನನ್ನ ಮಾಮಾ ಎಲ್ಲಿ ಹೋಗ್ಯಾನ?"

ಮರುದಿನ ಬೆಳಗ್ಗೆ ಅಕ್ಕ ರೊಟ್ಟಿ ಬುತ್ತಿ ಕಟ್ಟಿದಳು. "ತಂಗೀ, ಸೀರಿ ಉಟಗೋ. ಬಾಗೇವಾಡಿಗೆ ಹೋಗೂಣು."

ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ. "ಅಕ್ಕಾ, ಹುಡುಕಿದ್ರ ಸಿಕ್ಕಾನು. ಸಿಕ್ಕರ ಏನ ಮಾಡ್ತಿ?"

"ಸಿಕ್ಕರ ಜವಳ ಮಾಡ್ತೇನಿ."

"ಆ ಮೇಡಂ ಹೇಳಿದ ಮಾತು ನೆನಪೈತಿಲ್ಲೋ?"

ಆಕೆ ಕಿಟಕಿಯ ಕಡೆ ತಿರುಗಿದಳು. "ಐತಿ," ಅಂದಳು. ಆಮೇಲೆ ಬುತ್ತಿ ಬಿಚ್ಚಿ, "ಪುಂಡಿಪಲ್ಯ ತಿಂತಿಯೇನು?" ಅಂದಳು.

ಅಕ್ಕ ಹುಡುಕಿದ ರೀತಿಯನ್ನು ನೆನೆದರೆ ಈಗಲೂ ಒಂದು ಥರ ನಗು ಬರುತ್ತದೆ. ಪಂಚಾಯಿತಿಗೆ ಹೋಗಲಿಲ್ಲ, ಠಾಣೆಗೆ ಹೋಗಲಿಲ್ಲ. ಬಸ್ಸಿಳಿದು ಸೀದಾ ಹಿಟ್ಟಿನ ಗಿರಣಿ ಎಲ್ಲಿದೆ ಅಂತ ಕೇಳುವಳು. ಅಲ್ಲಿ ಡಬ್ಬಿ ಇಟ್ಟುಕೊಂಡು ಪಾಳಿಗೆ ಕೂತ ಹೆಂಗಸರ ನಡುವೆ ತಾನೂ ಕೂಡುವಳು. "ಇಲ್ಲಿ ಸಿಗದ ಸುದ್ದಿ ಎಲ್ಲೂ ಸಿಗೂದಿಲ್ಲ" ಅನ್ನುವುದು ಆಕೆಯ ಲೆಕ್ಕ. ಬಾಗೇವಾಡಿಯ ಗಿರಣಿಯಲ್ಲಿ ನಮಗೆ ಸಿಕ್ಕಿದ್ದು ಊರಿನ ನಾಲ್ಕು ಜಗಳಗಳ ಪೂರ್ತಿ ವಿವರ. ನಿಡಗುಂದಿಯ ಗಿರಣಿಯಲ್ಲಿ ಒಬ್ಬ ಮುದುಕಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನೀವೇನು ಕನ್ಯಾ ನೋಡಾಕ ಬಂದವರೋ, ಸಾಲ ವಸೂಲಿಯವರೋ?" ಅಂದಳು. ಅಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು. ಮುದುಕಿ ಮೆತ್ತಗಾದಳು. ಮುಳುಗಡೆಯಾದ ತಮ್ಮ ಊರಿನದೇ ಒಂದು ಮನೆ, ಮಗಳು ಹೇಳದೆ ಹೋಗಿದ್ದಳು, ತಾಯಿ ಮಗ ಈಗ ಮುದ್ದೇಬಿಹಾಳದಲ್ಲಿದ್ದಾರೆ, ಮಗ ಗಿರಣಿಯಲ್ಲೇ ದುಡಿಯುತ್ತಾನೆ ಅಂದಳು.

ಮತ್ತೊಂದು ದಿನ ಮುದ್ದೇಬಿಹಾಳಕ್ಕೆ ಹೋದೆವು. ಗಿರಣಿ ಓಡುತ್ತಿತ್ತು. ಹುಬ್ಬು, ರೆಪ್ಪೆ, ಮೀಸೆಯೆಲ್ಲ ಹಿಟ್ಟಾದ ಗಟ್ಟಿಮುಟ್ಟು ಮನುಷ್ಯ ಚೀಲ ಎತ್ತಿ ಸುರಿಯುತ್ತಿದ್ದ. ಅಕ್ಕ ಹತ್ತಿರ ಹೋಗಿ ಅವನ ತಂಗಿಯ ಹೆಸರು ಹೇಳಿದಳು. ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ ಅಂದುಕೊಂಡೆ. ಅವನು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೋಗಿ ಮೋಟಾರು ಬಂದ್ ಮಾಡಿದ. ಗಿರಣಿ ನಿಂತಿತು. ಪಾಳಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಅಕಿನ್ನ ಕರಕೊಂಡು ಬಂದೀರೇನ್ರಿ? ಹೊರಗ ಅದಾಳೇನು?" ಅವನು ಬಾಗಿಲ ಕಡೆ ಎರಡು ಹೆಜ್ಜೆ ಹೋಗಿಯೂ ಬಿಟ್ಟಿದ್ದ. "ಬಾ ಅನ್ರಿ, ಅವ್ವಗ ನಾ ಹೇಳ್ತೇನಿ."

ಅಕ್ಕ ಅವನ ಮೊಳಕೈ ಹಿಡಿದುಕೊಂಡು ಹೇಳಿದಳು. ಅವನು ಚೀಲದ ಮೇಲೆ ಕುಸಿದು ಕೂತ. ಮುಖದ ಹಿಟ್ಟಿನ ಮೇಲೆ ಕಣ್ಣೀರು ಇಳಿದ ಗೆರೆಗಳು ಮಾತ್ರ ಕಾಣುತ್ತಿದ್ದವು. ಅಕ್ಕನೇ, "ಗಂಡುಮಗಾ ಅದಾನ. ಜವಳಕ್ಕ ನೀವು ಬರಬೇಕು," ಅಂದಳು.

ಮನೆಗೆ ಕರೆದುಕೊಂಡು ಹೋದ. ತಾಯಿಗೆ ಯಾರು ಹೇಳಬೇಕು? ಅವನಿಂದ ಆಗಲಿಲ್ಲ. ಅಕ್ಕನೇ ಹೇಳಿದಳು. ಆ ಮುದಿ ತಾಯಿ ಅಳಲಿಲ್ಲ, ಮೊದಲು ಸಿಟ್ಟಿಗೆದ್ದಳು. "ಸತ್ತು ಇಷ್ಟು ವರ್ಷ ಆದಮ್ಯಾಲ ಹೇಳಾಕ ಬಂದ್ರೇನವ್ವಾ? ಮಣ್ಣಿಗಾದ್ರೂ ಕರೀಲಿಲ್ಲ ನನ್ನ!" ಅಕ್ಕ ತಲೆ ತಗ್ಗಿಸಿ ಕೂತು ಎಲ್ಲ ಕೇಳಿಸಿಕೊಂಡಳು. ಊರಿನ ಹೆಸರೇ ತಿಳಿದಿರಲಿಲ್ಲ ಅಂತ ಒಂದು ಮಾತು ಅಡ್ಡ ಹೇಳಲಿಲ್ಲ. ಬೈದು ದಣಿದ ಮೇಲೆ ಮುದುಕಿ ಕೇಳಿದಳು, "ಬಾಣಂತನ ಯಾರು ಮಾಡಿದ್ರು? ಏನು ಉಂಡಿದ್ಲು?" ಅಕ್ಕ ಒಂದೊಂದೇ ಹೇಳಿದಳು. ಅಳ್ವಿ ಪಾಯಸಕ್ಕೆ ಬೆಲ್ಲ ಜಾಸ್ತಿ ಕೇಳುತ್ತಿದ್ದಳು, ಬೆಳ್ಳುಳ್ಳಿ ಅಂದರೆ ಮುಖ ತಿರುಗಿಸುತ್ತಿದ್ದಳು, ಬಿಸಿನೀರು ಹಾಕಿದರೆ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. "ಬೆಳ್ಳೊಳ್ಳಿ ಸಣ್ಣಾಕಿದ್ದಾಗಿಂದ್ಲೂ ಸೇರ್ತಿದ್ದಿಲ್ಲ ಅಕಿಗೆ," ಅಂದಳು ಮುದುಕಿ, ಆಗ ಅತ್ತಳು.

ಜವಳವನ್ನು ನಮ್ಮ ಅಂಗಳದಲ್ಲೇ ಮಾಡಿದೆವು. ಸೋದರಮಾವ, ಅವನ ಹೆಂಡತಿ, ಮುದುಕಿ ಬಂದರು. ಹೊಸ ಅಂಗಿ, ಕುಲಾಯಿ, ಬೆಳ್ಳಿಯ ಉಡದಾರ ತಂದಿದ್ದರು. ಗಿರಣಿಯ ಕೂಲಿಯಲ್ಲಿ ಅಷ್ಟು ತರಲು ಏನು ಮಾಡಿದ್ದನೋ. ನಮ್ಮ ಸಾಲೋಟಗಿಯ ತಮ್ಮ ಕೂಡ ಬಂದು ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದ. ಹುಡುಗ ಮಾತ್ರ ಗುರುತಿಲ್ಲದ ಗಂಡಸಿನ ಹತ್ತಿರ ಹೋಗಲು ಒಪ್ಪಲಿಲ್ಲ. ಅಕ್ಕನ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದ. ಅಕ್ಕ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ನಿನ್ನ ಮಾಮಾ ಎಲ್ಲಿ ಅಂತ ಕೇಳ್ತಿದ್ದಿ ಅಲ್ಲೇನು? ಇಂವನಽ ನೋಡು. ಹೋಗು, ಕೂಡು."

ಕೂತ. ಸೋದರಮಾವ ಒಂದೆಳೆ ಕೂದಲು ಹಿಡಿದು ಕತ್ತರಿ ಹಾಕಿದ. ಆಮೇಲೆ ಹಜಾಮ ಶುರುಮಾಡಿ, "ಏನ್ರಿ ಇದು, ಇದರಾಗ ಎರಡು ಕಂಬಳಿ ಆಗ್ತಾವಲ್ರಿ!" ಅಂದಾಗ ಎಲ್ಲರೂ ನಕ್ಕೆವು. ಹುಡುಗನೂ ನಕ್ಕ. ಮಾವ ಅವನನ್ನು ಅಲುಗದಂತೆ ಕೂರಿಸಲು ಕಿವಿಯಲ್ಲಿ ಗಿರಣಿ ಓಡುವ ಸದ್ದು ಮಾಡುತ್ತಿದ್ದ. ಮೋಟಾರು ಚಾಲೂ ಆಗುವುದು, ಪಟ್ಟಾ ಜಾರುವುದು, ಕಾಳು ಬೀಳುವುದು. ಕ್ಷೌರ ಮುಗಿದು, ಮೈ ತೊಳೆಸಿ, ಅರಿಶಿಣ ಹಚ್ಚಿದ ಮೇಲೂ ಅವನು ಓಡಿ ಬಂದು ಆ ತೊಡೆಯ ಮೇಲೇ ಕೂತ. ಹೋಳಿಗೆಯನ್ನೂ ಅಲ್ಲೇ ಕೂತು ತಿಂದ. "ಮಾಮಾ, ಇನ್ನೊಮ್ಮಿ ಪಟ್ಟಾ ಜಾರಸು!"

ನಾನು ಅಕ್ಕನನ್ನು ನೋಡಿದೆ. ಬಡಿಸುವ ಸೌಟು ಕೈಯಲ್ಲಿ ಹಾಗೇ ಇತ್ತು. ಮುದುಕಿ ಹುಡುಗನ ಬೋಳು ತಲೆಯ ಮೇಲೆ ಕೈಯಾಡಿಸಿ, "ನನ್ನ ಮಗಳ ತಲಿನೂ ಹಿಂಗಽ, ಹಿಂದ ಉಬ್ಬು ಇತ್ತು," ಅನ್ನುತ್ತಿದ್ದಳು. ಆ ಉಬ್ಬನ್ನು ನಾವು ಅಲ್ಲಿಯವರೆಗೆ ನೋಡಿರಲಿಲ್ಲ, ಕೂದಲಡಿ ಇತ್ತು.

ಅವತ್ತು ಅವರು ಏನೂ ಕೇಳಲಿಲ್ಲ. ಊಟ ಮಾಡಿ, ಬಸ್ಸಿಗೆ ಹೋದರು. ಶ್ರಾವಣ ಕಳೆಯುವ ಹೊತ್ತಿಗೆ ಸೋದರಮಾವ ಒಬ್ಬನೇ ಬಂದ. ಹೊಸ್ತಿಲ ಹೊರಗೇ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

"ಅಕ್ಕಾರ, ಅವ್ವ ಸರಿಯಾಗಿ ಉಣ್ಣವಲ್ಲಳ್ರಿ. ಮಗಳು ಹೋದ್ಲು, ಮಗಳ ಕೂಸನ್ನರ ಮನಿಗೆ ತಗೊಂಬಾ ಅಂತಾಳ. ನನಗೂ ಹೆಣ್ಣುಹುಡುಗಿ ಒಂದ ಐತ್ರಿ. ಜೋಡಿ ಆಗ್ತಾರ. ನಾ ಹೆಂಗ ಕೇಳ್ಲಿ ನಿಮಗ..."

ಭಾವ ಪಡಸಾಲೆಯಿಂದ ಎದ್ದು ಬಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹಲ್ಲು ಬರೂವಾಗ ಎಲ್ಲಿದ್ರಿ? ಜ್ವರ ಬಂದಾಗ ಎಲ್ಲಿದ್ರಿ? ಈಗ ಆಡೂ ಹುಡುಗಾ ಸಿಕ್ಕಾನಂತ ಬಂದ್ರೇನು?"

"ಅವರಿಗೆ ಗೊತ್ತಿದ್ದಿಲ್ಲ," ಅಂದಳು ಅಕ್ಕ. "ನಾವಽ ಹೋಗಿ ಹೇಳಿದ್ವಿ."

"ನಾವಲ್ಲ, ನೀನು!" ಅಂದರು ಭಾವ. ಅಂದವರು ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದರು. ಆ ದಿನ ಊಟಕ್ಕೆ ಬರಲಿಲ್ಲ.

ವಿಜಯಪುರದಲ್ಲಿ ಸಮಿತಿಯವರು ಎರಡೂ ಕಡೆಯವರನ್ನು ಕರೆಸಿದರು. ನಾನೂ ಹೋಗಿದ್ದೆ. ಮುದ್ದೇಬಿಹಾಳದ ಮನೆ ಹೇಗಿದೆ, ನಿಮಗೆ ಏನನಿಸುತ್ತದೆ, ಬಿಚ್ಚಿ ಹೇಳಿ ಅಂತ ಮೇಡಂ ಅಕ್ಕನನ್ನು ಕೇಳಿದರು. ಅಕ್ಕ ಒಂದು ಮಾತು ಹೇಳಿದರೆ ಸಾಕಿತ್ತು. ಮನೆ ಸಣ್ಣದು, ಮುದುಕಿಗೆ ವಯಸ್ಸಾಗಿದೆ, ದುಡಿಯುವವನು ಒಬ್ಬನೇ, ಹುಡುಗ ನಮಗೆ ಹೊಂದಿಕೊಂಡಿದ್ದಾನೆ. ಇದರಲ್ಲಿ ಯಾವುದೂ ಸುಳ್ಳಲ್ಲ.

"ಮಂದಿ ಛಲೋ ಅದಾರ್ರಿ," ಅಂದಳು ಅಕ್ಕ. "ಮನಿನೂ ನೋಡೇನಿ. ಹಿತ್ತಲದಾಗ ಒಂದು ಬಾವಿ ಐತ್ರಿ, ಅದಕ್ಕ ಜಾಳಿಗಿ ಇಲ್ಲ. ಮೊದಲ ಅದೊಂದು ಹಾಕಸ್ರಿ. ಇಂವ ಬಗ್ಗಿ ನೋಡೂ ಹುಡುಗಾ ಅದಾನ."

ಸೋದರಮಾವ ಆ ವಾರವೇ ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿ, ಫೋಟೋ ತೆಗೆದು ಕಳಿಸಿದ.

ಸಮಿತಿಯವರು ಹುಡುಗನನ್ನು ಅವರಿಗೇ ಕೊಡಲು ಒಪ್ಪಿ, ಮೊದಲು ಶನಿವಾರ ಭಾನುವಾರ ಅಂತ ಕಳಿಸಿ ರೂಢಿ ಮಾಡಿಸಿದರು. ಆಮೇಲೆ ಪೂರ್ತಿ ಬಿಟ್ಟುಬರುವ ದಿನ ಬಂತು. ಭಾವ ಬರಲಿಲ್ಲ. ಹುಡುಗ ಅಂಗಳದಲ್ಲಿ ನಿಂತು, "ಅಪ್ಪಾ ಯಾಕ ತ್ವಾಟದಿಂದ ಬರವಲ್ಲ?" ಅಂತ ಕೇಳಿದ. ಅಕ್ಕ ಅವನ ಬಟ್ಟೆಗಳ ಜೊತೆ, ಕಚ್ಚಲು ಲಿಂಬಿ ಬೇಡುತ್ತಾನೆಂದು ಉಪ್ಪಿನಕಾಯಿಯ ಭರಣಿಯನ್ನೂ ಕಟ್ಟಿದ್ದಳು. ದಾರಿಯುದ್ದಕ್ಕೂ ಮುದುಕಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತ ಬಂದಳು: ಜ್ವರ ಏರಿದರೆ ಮೊದಲು ಪಾದ ತಣ್ಣಗಾಗುತ್ತವೆ, ಬಲಗಿವಿಗೆ ನೀರು ಹೋಗಬಾರದು, ಬೈದರೆ ಉಣ್ಣುವುದಿಲ್ಲ, ಸುಮ್ಮನೆ ತಾಟು ಮುಂದಿಟ್ಟು ತಿರುಗಿ ಕೂತರೆ ತಾನೇ ಉಣ್ಣುತ್ತಾನೆ. ಅಲ್ಲಿ ಹೋದ ಮೇಲೆ ಮುದುಕಿಗೆ ಏನನ್ನೂ ಹೇಳಲಿಲ್ಲ.

ಹೊರಡುವಾಗ ಮುದುಕಿ ಅಕ್ಕನನ್ನು ಮಣೆಯ ಮೇಲೆ ಕೂರಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಕುಬಸಕ್ಕೆ ಕಣದ ಬಟ್ಟೆ ತಂದು ಉಡಿ ತುಂಬಿದಳು. ತವರಿಗೆ ಬಂದು ಹೊರಟ ಮಗಳಿಗೆ ತುಂಬುವ ಹಾಗೆ, ಮುಷ್ಟಿ ಮುಷ್ಟಿಯಾಗಿ. "ಅಕಿಗೆ ತುಂಬಲಿಲ್ಲ, ನೀನರ ತಗೊಂಡು ಹೋಗವ್ವಾ," ಅಂದಳು. ಸಣ್ಣ ದನಿಯಲ್ಲಿ, ಮುಖ ನೋಡದೆ. ಹುಡುಗ ಆಗ ಮಾವನ ಮಗಳ ಜೊತೆ ಹಿತ್ತಲಲ್ಲಿ ಆಡುತ್ತಿದ್ದ. ಕರೆಯುವುದು ಬೇಡ ಅಂದಳು ಅಕ್ಕ.

ಬಸ್ಸಿನಲ್ಲಿ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬಾಗೇವಾಡಿ ದಾಟಿದ ಮೇಲೆ, "ಮಗನ್ನ ಕೊಟ್ಟು ಅಕ್ಕಿ ತಂದೆ ನೋಡು," ಅಂದಳು. ನಗುವಂತೆ ಅಂದಳು. ಉಡಿಯ ಅಕ್ಕಿಯನ್ನು ಹಾಗೇ ಇಡಬಾರದು, ಸಿಹಿ ಮಾಡಿ ಮನೆಯವರೆಲ್ಲ ಉಣ್ಣಬೇಕು. ಮರುದಿನ ಹುಗ್ಗಿ ಮಾಡಿದಳು. ಭಾವ ತಾಟಿನ ಮುಂದೆ ಕೂತು, ಎದ್ದುಹೋದರು. ನಾವಿಬ್ಬರೂ ಉಂಡೆವು.

ಆಮೇಲಿನ ದಿನಗಳದ್ದು ಹೇಳುವುದಕ್ಕೆ ಹೆಚ್ಚಿಲ್ಲ. ಬೆಳಗ್ಗೆ ರೊಟ್ಟಿಗೆ ಕೂತರೆ ಆಕೆ ಒಂದು ಪುಟ್ಟ ರೊಟ್ಟಿ ಬಡಿದು ಹೆಂಚಿಗೆ ಹಾಕಿಬಿಡುವಳು. ನಾನು ಬೇಯಿಸಿ ನನ್ನ ತಾಟಿಗೆ ಹಾಕಿಕೊಳ್ಳುವೆ. ಕೆಲವು ಸಲ ಹೋಗಿ ಬಂದೆವು. ಪ್ರತಿಸಲ ನಾವು ಹೊರಟ ಮೇಲೆ ಹುಡುಗ ಜ್ವರ ಮಾಡಿಕೊಳ್ಳುತ್ತಿದ್ದ. ಕೊನೆಗೆ ಸೋದರಮಾವನೇ ಫೋನು ಮಾಡಿ, ತಡವರಿಸುತ್ತ, "ಅಕ್ಕಾರ, ಒಂದೀಟು ದಿನ ಬರೂದು ಬ್ಯಾಡ್ರಿ. ಅಂವ ಇಲ್ಲಿ ಹೊಂದಿಕೊಳ್ಳೂತನಾ," ಅಂದ. ಅಕ್ಕ "ಹೂನಪಾ, ಖರೇ ಐತಿ," ಅಂದಳು. ಆ ಚಳಿ ಹೋಯಿತು, ಬಿಳಿಜೋಳದ ರಾಶಿಯಾಯಿತು. ಫೋನಿನಲ್ಲಿ ಮೊದಲು ಬಿಡದೆ ಮಾತಾಡುತ್ತಿದ್ದವನು ಆಮೇಲೆ "ಹೂಂ, ಉಂಡೇನಿ, ಆಡಾಕ ಹೋಗ್ತೇನಿ" ಅನ್ನತೊಡಗಿದ.

ಬೇಸಿಗೆಯಲ್ಲಿ, ಈಗ ಬರಬಹುದು ಅಂತ ಅವರೇ ಹೇಳಿ ಕಳಿಸಿದರು. ನಾನು, ಅಕ್ಕ ಹೋದೆವು. ಬಿಸಿಲಿತ್ತು. ಓಣಿಯ ತುದಿಯಿಂದಲೇ ಅಕ್ಕನ ನಡಿಗೆ ಜೋರಾಗಿ, ನಾನು ಹಿಂದೆ ಬಿದ್ದೆ. ಬಾಗಿಲು ತೆರೆದಿತ್ತು. ಒಳಗಿಂದ ಮುದುಕಿಯ ದನಿ ಕೇಳಿತು: "ಯಾರೋ ಬಂದಾರ ನೋಡೋ."

ಅವನು ಬಂದ. ಎತ್ತರ ಆಗಿದ್ದ. ಕೂದಲು ಕತ್ತರಿಸಿ, ಒಂದು ಕಡೆ ಬೈತಲೆ ತೆಗೆದು ಬಾಚಿದ್ದರು. ನಮ್ಮನ್ನು ನೋಡಿ ನಕ್ಕ, ಗುರುತು ಹಿಡಿದೇ ನಕ್ಕ. ನಕ್ಕವನು ಹತ್ತಿರ ಬರದೆ ತಿರುಗಿ ಒಳಗೆ ಓಡಿದ. ಅಕ್ಕ ಚಾಚಿದ ಕೈಯನ್ನು ಸೆರಗು ಸರಿಪಡಿಸುವುದಕ್ಕೆ ತಂದಳು.

ನಮ್ಮ ಕಡೆ ಹೊರಗಿನವರು ಮನೆಗೆ ಬಂದರೆ ಮೊದಲು ಬಾಗಿಲಲ್ಲಿ ಒಂದು ಚರಿಗೆ ನೀರು ಕೊಡುತ್ತಾರೆ, ಕಾಲು ತೊಳೆಯಲು, ಕುಡಿಯಲು. ಮನೆಯವರಿಗೆ ಯಾರೂ ಕೊಡುವುದಿಲ್ಲ. ಅವರು ತಾವೇ ಬಚ್ಚಲಿಗೆ ಹೋಗುತ್ತಾರೆ. ಅವನು ತುಂಬಿದ ಚರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದು ಹನಿ ಚೆಲ್ಲದಂತೆ ನಡೆದು ಬಂದ. ಅಕ್ಕನ ಮುಂದೆ ಹಿಡಿದ.

"ಕಾಲು ತೊಳಕೋರಿ."

ಹಿಂದಿನಿಂದ ಮುದುಕಿ ಬಂದು ಹೆಮ್ಮೆಯಿಂದ ಅಂದಳು, "ಬಂದವರಿಗೆ ನೀರು ಕೊಡೂದು ಕಲಸೇನ್ರವ್ವಾ. ಬಾಳ ಶಾಣ್ಯಾ ಆಗ್ಯಾನ."

ಅಕ್ಕ ಚರಿಗೆ ತೆಗೆದುಕೊಂಡಳು. ಒಂದು ಕಾಲು ತೊಳೆದಳು, ಇನ್ನೊಂದು ಕಾಲು ತೊಳೆದಳು. ಉಳಿದ ನೀರನ್ನು ಅಂಗೈಗೆ ಹಾಕಿಕೊಂಡು ಕುಡಿದಳು. ಖಾಲಿ ಚರಿಗೆಯನ್ನು ಅವನಿಗೆ ಕೊಟ್ಟು, "ಛಲೋ ಕಲ್ತೀಯಪಾ," ಅಂದಳು. ಅವನ ತಲೆ ಮುಟ್ಟಲು ಹೋಗಲಿಲ್ಲ. ಅವನು ಚರಿಗೆ ತಿರುಗಿಸುತ್ತ ಒಳಗೆ ಓಡಿಹೋದ. ಮುದುಕಿ ಚಾಪೆ ಹಾಸಲು ಹೋದಳು. ಅಕ್ಕ ಒದ್ದೆ ಕಾಲಲ್ಲಿ ಹೊಸ್ತಿಲ ಹೊರಗೇ ನಿಂತಿದ್ದಳು, ಒಳಗೆ ಬರ್ರಿ ಅಂತ ಯಾರಾದರೂ ಅನ್ನಲಿ ಅಂತ.